ಕೊಡೆ ಬಿಚ್ಚಿ ನಡೆಯುವಷ್ಟು ಸಂದು

ನಿವೃತ್ತಳಾದ ಮೇಲೂ ನನಗೆ ತಲೆ ಎತ್ತಿಕೊಂಡು ನಡೆಯುವ ಚಟ ಹೋಗಿಲ್ಲ. ಬೆಳಿಗ್ಗೆ ತ್ಯಾಗರಾಜನಗರದ ನಮ್ಮ ಬೀದಿಯಲ್ಲಿ ಹಾಲು ತರಲು ಹೊರಟರೆ, ‘ಇಂಜಿನಿಯರಮ್ಮನಿಗೆ ಇನ್ನೂ ಗತ್ತು ಇಳಿದಿಲ್ಲ’ ಎಂದು ಎದುರು ಮನೆಯವರು ಅಂದುಕೊಳ್ಳುತ್ತಾರಂತೆ. ಗತ್ತೂ ಇಲ್ಲ, ಮಣ್ಣೂ ಇಲ್ಲ. ನಾನು ಮಹಡಿ ಎಣಿಸುತ್ತಿರುತ್ತೇನೆ. ಹೀಗೆ ಎಣಿಸುತ್ತ ಎಣಿಸುತ್ತ ಎರಡು ಸಲ ಚರಂಡಿಯ ಕಲ್ಲಿಗೆ ಎಡವಿದ್ದೇನೆ, ಒಂದು ಸಲ ಮಲಗಿದ್ದ ನಾಯಿಯ ಬಾಲ ತುಳಿದು ಅದರ ಕೈಲೂ ಬೈಸಿಕೊಂಡಿದ್ದೇನೆ.

ಈಚೆಗೆ ನಮ್ಮ ಹಳೆಯ ಕಚೇರಿಯವರು ಕರೆದಿದ್ದರು. ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ನಾಲ್ಕು ಮಾತು ಹೇಳಬೇಕಂತೆ. ನಾನು ನಿಯಮಾವಳಿಯ ಪುಸ್ತಕ ಹಿಡಿದುಕೊಂಡು ಹೋಗಿ, ಎಷ್ಟು ಅಗಲದ ರಸ್ತೆಗೆ ಎಷ್ಟು ಎತ್ತರ ಎಂದು ಶುರು ಮಾಡಿದೆ. ಐದು ನಿಮಿಷಕ್ಕೆ ಹಿಂದಿನ ಸಾಲು ಆಕಳಿಸಿತು. ಮುಂದೆ ಕೂತಿದ್ದ ಹುಡುಗಿಯೊಬ್ಬಳು ಕೈ ಎತ್ತಿದಳು.

“ಮೇಡಂ, ತಪ್ಪು ತಿಳ್ಕೋಬೇಡಿ. ರೂಲ್ಸ್ ಎಲ್ಲಾ ಮೊಬೈಲಲ್ಲೇ ಇದೆ. ಸ್ಪಾಟಿಗೆ ಹೋದಾಗ ಏನಾಗತ್ತೆ ಅಂತ ಹೇಳಿ ಸಾಕು.”

ಮಾತು ಸರಿ ಅನಿಸಿತು. ಅವತ್ತು ಹೇಳಿದ್ದು ಸಾಲಲಿಲ್ಲ, ಅದಕ್ಕೇ ಕೂತು ಬರೆಯುತ್ತಿದ್ದೇನೆ. ನನಗೆ ಯಾವಾಗ ಬಡ್ತಿ ಬಂತು, ಯಾವ ಕುರ್ಚಿಯಲ್ಲಿ ಕೂತೆ ಎಂಬುದೆಲ್ಲ ಇದರಲ್ಲಿ ಇಲ್ಲ. ಅದು ನನ್ನ ಸರ್ವಿಸ್ ಪುಸ್ತಕದಲ್ಲಿದೆ, ಅಲ್ಲೇ ಇರಲಿ.

ನಮ್ಮ ಕೆಲಸ ಹೇಳುವುದಕ್ಕೆ ಸುಲಭ. ಮನೆ ಕಟ್ಟುವವರು ಪ್ಲಾನು ಮಂಜೂರು ಮಾಡಿಸಿಕೊಳ್ಳುತ್ತಾರೆ. ಅದರಂತೆ ಕಟ್ಟಿದ್ದಾರೋ ಇಲ್ಲವೋ ಎಂದು ನಾವು ಹೋಗಿ ಅಳೆಯಬೇಕು. ಸುತ್ತ ಇಷ್ಟು ಜಾಗ ಬಿಟ್ಟಿರಬೇಕು, ಇಷ್ಟೇ ಮಹಡಿ ಇರಬೇಕು. ಅದಕ್ಕಿಂತ ಹೆಚ್ಚಿದ್ದರೆ ನೋಟಿಸು. ನನ್ನ ಇಡೀ ಸರ್ವಿಸಿನಲ್ಲಿ ಪ್ಲಾನಿನಂತೆಯೇ ಕಟ್ಟಿದ ಮನೆಗಳನ್ನು ಬೆರಳು ಮಡಚಿ ಎಣಿಸಬಹುದು. ಅದರಲ್ಲೂ ಒಂದು, ಯಜಮಾನರಿಗೂ ಮೇಸ್ತ್ರಿಗೂ ಜಗಳವಾಗಿ ಅರ್ಧಕ್ಕೆ ನಿಂತಿದ್ದರಿಂದ ಪ್ಲಾನಿನೊಳಗೆ ಉಳಿದುಕೊಂಡಿತ್ತು.

ನನಗೆ ಕೆಲಸ ಕಲಿಸಿದವರು ಶ್ರೀಕಂಠಯ್ಯನವರು. ನನ್ನ ಮೊದಲ ಮೇಲಧಿಕಾರಿ. ಬಿಳಿ ಅಂಗಿ, ಕೈಯಲ್ಲಿ ಹನ್ನೆರಡು ತಿಂಗಳೂ ಒಂದು ಕಪ್ಪು ಕೊಡೆ. ಬೇಸಿಗೆಯಲ್ಲೂ ಕೊಡೆ ಯಾಕೆ ಎಂದು ನಾವೆಲ್ಲ ಹಿಂದಿನಿಂದ ನಗುತ್ತಿದ್ದೆವು. ಅವರೊಂದಿಗೆ ಮೊದಲ ಸಲ ಸ್ಥಳ ಪರಿಶೀಲನೆಗೆ ಹೋದಾಗ ಗೊತ್ತಾಯಿತು. ಜಯನಗರದ ಒಂದು ಮನೆ. ನಾನು ಟೇಪು ಬಿಚ್ಚುವಷ್ಟರಲ್ಲಿ ಅವರು ಕೊಡೆ ಬಿಚ್ಚಿ, ಮನೆಗೂ ಕಾಂಪೌಂಡಿಗೂ ನಡುವಿನ ಸಂದಿನಲ್ಲಿ ಗಂಭೀರವಾಗಿ ನಡೆದುಕೊಂಡು ಹೋದರು. ಹಿತ್ತಿಲು ಸುತ್ತಿ ಆ ಕಡೆಯಿಂದ ಬಂದರು. ಮನೆಯ ಯಜಮಾನರು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದರು.

“ತಗಲಲಿಲ್ಲ. ಈಗ ಅಳೀಮ್ಮಾ ವಿಮಲಾ, ಸರಿಯಾಗೇ ಇರತ್ತೆ” ಅಂದರು.

ಅಳೆದೆ. ಸರಿಯಾಗಿಯೇ ಇತ್ತು. ಕೊಡೆಯ ಕಡ್ಡಿ ಗೋಡೆಗೆ ಕೆರೆದರೆ ಟೇಪು ತೆಗೆಯುವ ಮೊದಲೇ ಉಲ್ಲಂಘನೆ ಎಂದು ಅವರಿಗೆ ಗೊತ್ತಾಗುತ್ತಿತ್ತು. ಟೇಪನ್ನು ಸ್ವಲ್ಪ ಸಡಿಲ ಹಿಡಿದರೆ ಅಡಿ ಹೆಚ್ಚಾಗುತ್ತದೆ, ಓರೆ ಹಿಡಿದರೆ ಇನ್ನೂ ಹೆಚ್ಚಾಗುತ್ತದೆ. ಕೊಡೆಯನ್ನು ಹಾಗೆಲ್ಲ ಪುಸಲಾಯಿಸಲಾಗದು ಎನ್ನುವುದು ಅವರ ವಾದ. ನಾನು ಆ ವಾರವೇ ಗಾಂಧಿಬಜಾರಿಗೆ ಹೋಗಿ ಒಂದು ಕೊಡೆ ಕೊಂಡೆ.

ಆದರೆ ಅವರ ಕೊಡೆ ಪರೀಕ್ಷೆಗೆ ಎರಡು ಭಾಗ ಇದ್ದವು. ನಾನು ಕಲಿತದ್ದು ಮೊದಲನೆಯದನ್ನು ಮಾತ್ರ. ಎರಡನೆಯದನ್ನು ಕಲಿತದ್ದು ತಿಲಕ್ ನಗರದಲ್ಲಿ, ಮರ್ಯಾದೆ ಕಳೆದುಕೊಂಡು.

ಅಲ್ಲಿ ಅಕ್ಕಪಕ್ಕದ ಎರಡು ಹೊಸ ಮನೆಗಳ ನಡುವಿನ ಸಂದನ್ನು ನೋಡಲು ಒಬ್ಬಳೇ ಹೋಗಿದ್ದೆ. ಕೊಡೆ ಬಿಚ್ಚಿ ನಡೆದೆ, ಎಲ್ಲೂ ತಗಲಲಿಲ್ಲ. ಅಳೆದೆ, ಅಂಗುಲ ಕೂಡ ಹೆಚ್ಚುಕಡಿಮೆ ಇಲ್ಲ. ಎರಡೂ ಮನೆಯವರು ಹೆಮ್ಮೆಯಿಂದ ನಿಂತಿದ್ದರು, ನಾನೂ ಹೊಗಳಿದೆ. ಹೊರಗೆ ಬಂದರೆ ರಸ್ತೆಯಲ್ಲಿ ನೀರು ಹರಿಯುತ್ತಿದೆ! ನಾನು ಒಳಗಿದ್ದ ಅರ್ಧ ಗಂಟೆಯಲ್ಲಿ ಜೋರು ಮಳೆ ಬಂದು ಹೋಗಿತ್ತು. ಅದೃಷ್ಟ ಎಂದುಕೊಂಡು ಕಚೇರಿಗೆ ಬಂದು ಶ್ರೀಕಂಠಯ್ಯನವರಿಗೆ ವರದಿ ಒಪ್ಪಿಸಿದೆ.

“ಎರಡೂ ಮನೆ ಪಾಸು ಸರ್. ಮಳೆ ಬಂತಂತೆ, ನನ್ನ ಮೇಲೆ ಒಂದು ಹನಿ ಬೀಳಲಿಲ್ಲ.”

ಅವರು ಪೆನ್ನು ಕೆಳಗಿಟ್ಟರು. “ನೀನು ಎಲ್ಲಿದ್ದೆ ಆಗ?”

“ಸಂದಿನಲ್ಲೇ ಇದ್ದೆ ಸರ್, ಅಳೀತಾ.”

“ಸಂದಿನಲ್ಲಿ ಮಳೆ ಬರಲಿಲ್ವಾ?”

“ಇಲ್ಲ ಸರ್” ಅಂದೆ, ಸಂತೋಷವಾಗಿ.

ಅವರು ನನ್ನ ಮುಖವನ್ನೇ ನೋಡಿದರು. ನನಗೆ ತಲೆಗೆ ಹೋಗಲು ಒಂದು ನಿಮಿಷ ಬೇಕಾಯಿತು. ಹೋದ ಮೇಲೆ ಕಿವಿ ಬಿಸಿಯಾಯಿತು. ನೆಲದಲ್ಲಿ ನಿಯತ್ತಾಗಿ ಜಾಗ ಬಿಟ್ಟಿದ್ದ ಆ ಇಬ್ಬರೂ ಮಹಾನುಭಾವರು ಮೊದಲ ಮಹಡಿಯಿಂದ ಬಾಲ್ಕನಿ ಹೊರಚಾಚಿ, ನನ್ನ ತಲೆಯ ಮೇಲೆ ಒಂದಕ್ಕೊಂದು ಕೂಡಿಸಿಬಿಟ್ಟಿದ್ದರು. ನಾನು ತಲೆ ಎತ್ತಿ ನೋಡಿರಲೇ ಇಲ್ಲ.

“ಕೊಡೆ ಬಿಚ್ಚಿ ನಡೀಬೇಕು. ಆಮೇಲೆ ಮಡಚಿ ಮೇಲೆ ನೋಡ್ಬೇಕು. ಆಕಾಶ ಕಂಡ್ರೆ ಮಾತ್ರ ಸಂದು. ಕಾಣದಿದ್ರೆ ಅದು ಗುಹೆ” ಅಂದರು ಶ್ರೀಕಂಠಯ್ಯ. ಅಂದಿನಿಂದ ಹತ್ತಿದ್ದು ಈ ತಲೆ ಎತ್ತುವ ಚಟ. ನಾಯಿಯ ಬಾಲಕ್ಕೆ ಅವರೂ ಸ್ವಲ್ಪ ಹೊಣೆ.

ಜೆ.ಪಿ. ನಗರದ ಒಂದು ಪ್ರಸಂಗವನ್ನು ಹೇಳದಿದ್ದರೆ ನನಗೇ ಸಮಾಧಾನ ಇಲ್ಲ. ಅಲ್ಲಿ ಒಬ್ಬರು ಮನೆಯ ಕೆಳಗೆ ಕಾರು ನಿಲ್ಲಿಸಲು ಎಂದು ಪ್ಲಾನಿನಲ್ಲಿ ತೋರಿಸಿ, ಆ ಜಾಗದಲ್ಲಿ ಟೈಲರ್ ಅಂಗಡಿಗೆ ಬಾಡಿಗೆ ಕೊಟ್ಟಿದ್ದಾರೆ ಎಂದು ದೂರು ಬಂತು. ಹೋಗಿ ನೋಡಿದರೆ ಕಾರು ಇದೆ. ಹಳೆಯ ಕಾರು, ತೊಳೆದು ಒರೆಸಿ ನಿಲ್ಲಿಸಿದ್ದಾರೆ. ಅದರ ಬಾನೆಟ್ ಮೇಲೆ ಟೈಲರ್ ಬಟ್ಟೆ ಹರಡಿಕೊಂಡು ಸೀಮೆಸುಣ್ಣದಲ್ಲಿ ಗೆರೆ ಎಳೆಯುತ್ತಿದ್ದಾನೆ. ಹಿಂದಿನ ಸೀಟಿನ ತುಂಬ ಹೊಲಿದಿಟ್ಟ ರವಿಕೆಗಳು.

“ನೋಡಿ ಮೇಡಂ, ಪಾರ್ಕಿಂಗೇ ಇದು. ಕಾರು ಕಾಣ್ತಿಲ್ವಾ?” ಅಂದರು ಯಜಮಾನರು.

ನಾನು ಕಾರಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿದೆ. ಮೂರು ಕಡೆ ಗೋಡೆ. ನಾಲ್ಕನೆಯ ಕಡೆ ಗಾಜಿನ ಬಾಗಿಲು, ಒಬ್ಬ ಮನುಷ್ಯ ಓರೆಯಾಗಿ ಒಳಗೆ ಬರುವಷ್ಟು.

“ಕಾರು ಹೊರಗೆ ಹೇಗೆ ಹೋಗುತ್ತೆ?”

ಯಜಮಾನರು ತಲೆ ಕೆರೆದುಕೊಂಡರು. ಟೈಲರ್ ಪಾಪ, ನಿಜವನ್ನೇ ಹೇಳಿಬಿಟ್ಟ. “ಅದು ಹೋಗಲ್ಲ ಮೇಡಂ. ಗೋಡೆ ಕಟ್ಟೋಕೆ ಮುಂಚೆನೇ ತಂದ್ ನಿಲ್ಸಿದ್ದು.”

ನಗು ತಡೆದುಕೊಂಡು ನೋಟಿಸು ಬರೆಯುವಷ್ಟರಲ್ಲಿ ನನಗೆ ಸಾಕುಸಾಕಾಯಿತು. ಗೋಡೆ ಒಡೆದು ಕಾರನ್ನು ಬಿಡುಗಡೆ ಮಾಡಿಸಿದ ದಿನ ಬೀದಿಯ ಹೆಂಗಸರೆಲ್ಲ ತಮ್ಮ ತಮ್ಮ ರವಿಕೆಗಾಗಿ ಬಂದು ನಿಂತಿದ್ದರು.

ನಗುವ ವಿಷಯ ಅಷ್ಟೇ ಅಲ್ಲ ಇದು. ನಗರವನ್ನು ನಕ್ಷೆ ಬರೆದವರು ಬೆಳೆಸುತ್ತಾರೆ ಎಂದು ನಾನು ಕಾಲೇಜಿನಲ್ಲಿ ಓದಿದ್ದೆ. ಬೀದಿಗಿಳಿದು ನೋಡಿದರೆ ಬೆಳೆಸಿದ್ದು ಪಕ್ಕದ ಮನೆಯವರು. ಒಬ್ಬ ಮೂರಡಿ ಬಾಲ್ಕನಿ ಚಾಚುತ್ತಾನೆ. ಎದುರಿನವನಿಗೆ ಅದು ಕಣ್ಣಿಗೆ ಬಿದ್ದು, ಅವನು ನಾಲ್ಕಡಿ ಚಾಚುತ್ತಾನೆ. ಕೆಳಗೆ ಕಾರಿನ ಜಾಗದಲ್ಲಿ ಅಂಗಡಿ ಬರುತ್ತದೆ, ಕಾರು ರಸ್ತೆಗೆ ಬರುತ್ತದೆ. ಅಂಗಡಿಯ ಮೆಟ್ಟಿಲು ಫುಟ್‌ಪಾತಿಗೆ ಇಳಿಯುತ್ತದೆ, ನಡೆಯುವವರು ರಸ್ತೆಗೆ ಇಳಿಯುತ್ತಾರೆ. ಬಸ್ಸು ಆ ಬೀದಿಯನ್ನೇ ಬಿಟ್ಟುಬಿಡುತ್ತದೆ. ಬಸ್ಸು ಇಲ್ಲವೆಂದು ಮನೆಗೊಂದು ಸ್ಕೂಟರು ಬರುತ್ತದೆ, ಅದನ್ನು ನಿಲ್ಲಿಸಲು ಜಾಗ ಇಲ್ಲವೆಂದು ಮತ್ತೆ ನಮಗೇ ಅರ್ಜಿ ಬರುತ್ತದೆ. ಬಿ.ಟಿ.ಎಂ. ಲೇಔಟಿನ ಒಳಬೀದಿಗಳಲ್ಲಿ ಇದೆಲ್ಲವನ್ನೂ ಒಂದೊಂದೇ ಮೆಟ್ಟಿಲಾಗಿ ಕಣ್ಣಾರೆ ನೋಡಿದ್ದೇನೆ. ಆದರೆ ಅದೇ ಬೀದಿಗಳಲ್ಲಿ, ಪ್ಲಾನಿನಲ್ಲಿ ಇಲ್ಲದ ಅದೇ ಕೋಣೆಗಳಲ್ಲಿ, ಊರು ಬಿಟ್ಟು ಬಂದವರಿಗೆ ತಲೆಯ ಮೇಲೆ ಸೂರು ಸಿಕ್ಕಿದೆ. ಅದನ್ನೂ ಕಣ್ಣಾರೆ ನೋಡಿದ್ದೇನೆ. ಇವೆರಡನ್ನೂ ಒಂದೇ ತಲೆಯಲ್ಲಿ ಇಟ್ಟುಕೊಂಡು ಕೆಲಸ ಮಾಡುವುದೇ ಕಷ್ಟ, ಅಳೆಯುವುದಲ್ಲ.

ಅಳೆಯುವ ವಿಧಾನ ನನ್ನ ಕಾಲದಲ್ಲೇ ಮೂರು ಸಲ ಬದಲಾಯಿತು. ಬಟ್ಟೆಯ ಟೇಪು ಹೋಗಿ ಉಕ್ಕಿನ ಟೇಪು ಬಂತು. ಆಮೇಲೆ ಕೆಂಪು ಚುಕ್ಕಿ ಬಿಟ್ಟು ಅಳೆಯುವ ಲೇಸರ್ ಬಂತು. ಅದು ಬಂದ ಹೊಸದರಲ್ಲಿ ನಾನು ಅದನ್ನು ಮನೆಗೆ ತಂದು ಅಡುಗೆಮನೆ, ಬಚ್ಚಲು, ಮಲಗಿದ್ದ ನಮ್ಮ ಯಜಮಾನರು ಎಲ್ಲರನ್ನೂ ಅಳೆದಿದ್ದೆ. ಈಗ ಆಕಾಶದಿಂದಲೇ ಫೋಟೊ ತೆಗೆಯುತ್ತಾರೆ. ಅದರಲ್ಲಿ ತಾರಸಿಗಳೆಲ್ಲ ಚೆನ್ನಾಗಿ ಕಾಣುತ್ತವೆ. ಸಂದಿನಲ್ಲಿ ನಿಂತವರಿಗೆ ಆಕಾಶ ಕಾಣುತ್ತದೋ ಇಲ್ಲವೋ ಅನ್ನುವುದು ಆ ಫೋಟೊದಲ್ಲಿ ಗೊತ್ತಾಗುವುದಿಲ್ಲ. ಶ್ರೀಕಂಠಯ್ಯನವರು ನಿವೃತ್ತರಾಗುವ ದಿನ ತಮ್ಮ ಕಪ್ಪು ಕೊಡೆಯನ್ನು ನನ್ನ ಮೇಜಿನ ಮೇಲಿಟ್ಟು ಹೋಗಿದ್ದರು. ಲೇಸರ್ ಬಂದ ಮೇಲೂ ನಾನು ಅದನ್ನು ಬಿಡಲಿಲ್ಲ.

ಈಗ ಶಾಂತವ್ವನ ಕೇಸು ಹೇಳುತ್ತೇನೆ. ಇದು ನನ್ನ ಸರ್ವಿಸಿನ ಕೊನೆಯ ವರ್ಷಗಳದ್ದು.

ಒಂದು ಬೆಳಿಗ್ಗೆ ಇಳಕಲ್ ಸೀರೆಯ ಹೆಂಗಸೊಬ್ಬಳು ಅರ್ಜಿ ಹಿಡಿದುಕೊಂಡು ನನ್ನ ಮೇಜಿನ ಮುಂದೆ ನಿಂತಳು. ಬಾಗಲಕೋಟೆ ಕಡೆಯವಳು. ಗಂಡ ಒಂದು ಆಫೀಸಿನಲ್ಲಿ ಹೌಸ್‌ಕೀಪಿಂಗ್ ಕೆಲಸ ಮಾಡುತ್ತಾನೆ, ಇವಳು ಬಿ.ಟಿ.ಎಂ. ಹತ್ತಿರದ ಒಂದು ಹಳೆಯ ಹಳ್ಳಿಯ ಬೀದಿಯಲ್ಲಿ ಬಾಡಿಗೆ ಮನೆಯಲ್ಲಿದ್ದುಕೊಂಡು ಜೋಳದ ಖಡಕ್ ರೊಟ್ಟಿ ಮಾಡಿ ಮೆಸ್ಸುಗಳಿಗೆ ಕೊಡುತ್ತಾಳೆ.

“ನಂದೊಂದು ತಕರಾರ ಐತ್ರಿ ಮೇಡಂ.”

“ಯಾರ ಮೇಲೆ?”

“ಯಾರ ಮ್ಯಾಲೂ ಇಲ್ರಿ. ನನಗ ಬಿಸಲ ಬೇಕ್ರಿ. ಬಾಜೂ ಮನಿಯವ್ರು ಮ್ಯಾಲ ಕಟ್ಟಾಕ ಹತ್ಯಾರ. ಬಿಸಲ ಬರ್ಲಿಲ್ಲಂದ್ರ ರೊಟ್ಟಿ ಖಡಕ್ ಆಗೂದಿಲ್ರಿ, ಮೆತ್ತಗ ಉಳೀತಾವ. ಮೆತ್ತನ್ ರೊಟ್ಟಿ ಯಾರ್ ತಗೋತಾರ್ರಿ?”

ಬಿಸಿಲು ಬೇಕೆಂದು ಅರ್ಜಿ ಕೊಟ್ಟವರು ಅದುವರೆಗೆ ಯಾರೂ ಇರಲಿಲ್ಲ. ಅರ್ಜಿಯ ಭಾಷೆ ಮಾತ್ರ ವಕೀಲರದ್ದಾಗಿತ್ತು. ಯಾರು ಬರೆದುಕೊಟ್ಟರು ಎಂದು ಕೇಳಿದೆ.

“ನಮ್ಮ ಮನಿ ಮಾಲಕ್ರು ಬರಸಿ ಕೊಟ್ರ್ರಿ. ಸಹಿ ಅಷ್ಟ ನಂದು.”

ಮಾಲೀಕ ಮುನಿರಾಜು. ಪಕ್ಕದಲ್ಲಿ ಮೇಲೆ ಕಟ್ಟುತ್ತಿದ್ದವನು ಅವನ ತಮ್ಮ ನಂಜುಂಡ. ಅವರಪ್ಪ ಇಬ್ಬರಿಗೂ ಪಾಲು ಮಾಡಿಕೊಟ್ಟ ರಾಗಿ ಹೊಲದಲ್ಲಿ, ಒಂದೊಂದು ಪಾಲಿಗೆ ಒಂದೊಂದು ಕಟ್ಟಡ ಎಬ್ಬಿಸಿದ್ದರು. ತಮ್ಮನದು ತನ್ನದಕ್ಕಿಂತ ಒಂದು ಮಹಡಿ ಎತ್ತರ ಆಗುತ್ತದಲ್ಲ ಎಂಬ ಸಂಕಟ ಅಣ್ಣನಿಗೆ. ತಾನೇ ದೂರು ಕೊಟ್ಟರೆ ಊರವರು ಆಡಿಕೊಳ್ಳುತ್ತಾರೆ, ಅದಕ್ಕೆ ಬಾಡಿಗೆಯವಳ ಕೈಲಿ ಕೊಡಿಸಿದ್ದ.

ಹೋದೆ. ಮುನಿರಾಜು ಬೀದಿಯ ತುದಿಗೇ ಬಂದು ನಿಂತಿದ್ದ. ದಪ್ಪ ಆಳು, ದೊಡ್ಡ ಗಂಟಲು. ಕಾಫಿ, ಬಾಳೆಹಣ್ಣು, ಪ್ಲಾಸ್ಟಿಕ್ ಕುರ್ಚಿ ಎಲ್ಲ ತಯಾರು.

“ನೋಡಿ ಮೇಡಂ ನಮ್ ತಮ್ಮನ್ ಅನ್ಯಾಯನ! ಎರಡು ಮಹಡಿಗೆ ಪ್ಲಾನು, ಮೂರನೇದಕ್ಕೆ ಸೆಂಟ್ರಿಂಗ್ ಹೊಡ್ಸಿದಾನೆ. ಕಾನೂನು ಅಂತ ಒಂದ್ ಇದ್ಯೋ ಇಲ್ವೋ ಈ ದೇಶದಲ್ಲಿ?”

“ಇದೆ ಇದೆ. ನಿಮ್ಮ ತಾರಸಿಗೆ ಹೋಗೋಣ, ಅಲ್ಲಿಂದ ಚೆನ್ನಾಗಿ ಕಾಣುತ್ತೆ” ಅಂದೆ.

“ಯಾಕ್ ಮೇಡಂ ತೊಂದ್ರೆ, ಇಲ್ಲಿಂದ್ಲೇ ಕಾಣ್ತದಲ್ಲ” ಅಂದ. ಗಂಟಲು ಒಮ್ಮೆಲೇ ಚಿಕ್ಕದಾಯಿತು.

ನಾನು ಆಗಲೇ ಮೆಟ್ಟಿಲು ಹತ್ತುತ್ತಿದ್ದೆ. ಅವನ ಪ್ಲಾನೂ ಎರಡೇ ಮಹಡಿಗೆ. ಅದರ ಮೇಲೆ, ಅರ್ಧ ತಾರಸಿ ಆಕ್ರಮಿಸಿ, ಇಟ್ಟಿಗೆ ಗೋಡೆಗೆ ತಗಡಿನ ಶೀಟು ಹೊದಿಸಿದ ಒಂದು ಮನೆ. ಬಾಗಿಲಿಗೆ ತೋರಣ, ಪೇಂಟಿನ ಡಬ್ಬದಲ್ಲಿ ತುಳಸಿ. ಉಳಿದರ್ಧ ತಾರಸಿಯಲ್ಲಿ ಬಿಳಿ ಪಂಚೆ ಹಾಸಿ ಸಾಲುಸಾಲಾಗಿ ರೊಟ್ಟಿ ಹರಡಿತ್ತು.

“ಇದೇನು ಮುನಿರಾಜು?”

“ಇದಾ ಮೇಡಂ? ವಾಟರ್ ಟ್ಯಾಂಕ್ ರೂಮು.”

ಒಳಗಿನಿಂದ ಕುಕ್ಕರ್ ಸೀಟಿ ಹೊಡೆಯಿತು.

“ವಾಟರ್ ಟ್ಯಾಂಕು ಕೂಗ್ತಿದೆಯಲ್ಲ!” ಅಂದೆ. ಅಷ್ಟರಲ್ಲಿ ಶಾಂತವ್ವನೇ ಹೊರಗೆ ಬಂದು, “ಬರ್ರಿ ಮೇಡಂ, ಕುಂದರ್ರಿ, ಚಾ ಇಡ್ತೀನಿ” ಅಂದಳು. ಆ ತಗಡಿನ ಮನೆಯೇ ಅವಳ ಮನೆ.

ಇಳಿದು ಬಂದು ಸಂದಿನಲ್ಲಿ ಕೊಡೆ ಬಿಚ್ಚಿದೆ. ಇಬ್ಬರೂ ಮೂರು ಮೂರು ಅಡಿ ಬಿಟ್ಟು ಆರಡಿ ಇರಬೇಕಾದ ಕಡೆ ಅಣ್ಣ ಒಂದು ಬಚ್ಚಲು, ತಮ್ಮ ಒಂದು ಪಂಪಿನ ಗೂಡು ಕಟ್ಟಿದ್ದರು. ನಾಲ್ಕು ಹೆಜ್ಜೆಗೆ ಕೊಡೆ ಸಿಕ್ಕಿಕೊಂಡಿತು. ಮಡಚಿ ಮೇಲೆ ನೋಡಿದೆ. ಇಬ್ಬರ ಬಾಲ್ಕನಿಗಳೂ ಮೈಗೆ ಮೈ ತಾಗಿಸಿಕೊಂಡಿದ್ದವು. ಅಣ್ಣ ತಮ್ಮಂದಿರಿಗೆ ಮಾತಿಲ್ಲ, ಬಾಲ್ಕನಿಗಳಿಗೆ ಮಾತ್ರ ಭಾರಿ ಅನ್ಯೋನ್ಯ. ಕೊಡೆ ಪರೀಕ್ಷೆಯ ಎರಡೂ ಭಾಗ ಫೇಲು.

ಇಲ್ಲಿ ನಾನು ಮಾಡಿದ ಎಡವಟ್ಟು ಹೇಳಬೇಕು. ಇಬ್ಬರಿಗೂ ಒಂದೇ ನ್ಯಾಯ ಎಂದು ಬೀಗುತ್ತ, ಕಚೇರಿಗೆ ಹೋದವಳೇ ಎರಡು ನೋಟಿಸು ಬರೆದೆ. ತಮ್ಮನ ಮೂರನೆಯ ಮಹಡಿ ನಿಲ್ಲಬೇಕು. ಅಣ್ಣನ ತಾರಸಿಯ ತಗಡಿನ ಮನೆ ಹೋಗಬೇಕು. ಸಂದಿನಲ್ಲಿರುವುದೆಲ್ಲ ತೆರವಾಗಬೇಕು. ಬರೆದದ್ದರಲ್ಲಿ ಒಂದಕ್ಷರ ತಪ್ಪಿರಲಿಲ್ಲ. ಮೂರನೆಯ ದಿನ ಶಾಂತವ್ವ ಬಂದಳು. ಕೂರಲು ಹೇಳಿದರೂ ಕೂರಲಿಲ್ಲ.

“ಮಾಲಕ್ರು ಮನಿ ಬಿಡಂದ್ರು ಮೇಡಂ. ನಾ ಬಿಸಲ ಕೇಳಾಕ ಬಂದಿದ್ನಿ. ನೀವು ಸೂರ ಕಸ್ಕೊಂಡ್ರಿ.”

ಜಗಳ ಆಡಿದ್ದರೆ ಉತ್ತರ ಕೊಡುತ್ತಿದ್ದೆ. ಅವಳು ಅಷ್ಟು ಹೇಳಿ, ಸೆರಗು ಹೊದ್ದುಕೊಂಡು ಹೊರಟುಹೋದಳು. ನಾಚಿಕೆಯಾಯಿತು ಎಂದು ನೇರವಾಗಿಯೇ ಬರೆಯುತ್ತೇನೆ. ಆ ಗೋಡೆಗಳನ್ನು ಅಳೆದಿದ್ದೆನೇ ಹೊರತು, ಅದು ಬಿದ್ದರೆ ಒಳಗಿರುವವರು ಎಲ್ಲಿಗೆ ಹೋಗುತ್ತಾರೆ ಎಂದು ಒಂದು ಮಾತು ಕೇಳಿರಲಿಲ್ಲ. ಹಾಗೆಂದು ನೋಟಿಸು ಹಿಂದೆ ತೆಗೆದುಕೊಳ್ಳುವುದು ಹೇಗೆ? ಗಾಳಿಗೆ ತಗಡು ಎದ್ದುಬಂದರೆ, ಹೊಗೆ ತುಂಬಿಕೊಂಡರೆ, ಆ ಸಂದಿನಲ್ಲಿ ಒಬ್ಬರು ಇನ್ನೊಬ್ಬರನ್ನು ಹೊತ್ತುಕೊಂಡು ಹೊರಗೆ ಬರಲು ಆಗುತ್ತಿರಲಿಲ್ಲ.

ಮರುದಿನವೇ ಮತ್ತೆ ಹೋದೆ. ಮುನಿರಾಜು ಸಿಟ್ಟಿಗೆ ಎದುರೇ ಬರಲಿಲ್ಲ. ಕೆಳಮನೆಯ ಹಿಂದಿನ ಕೋಣೆಯಿಂದ ಒಂದು ಮುದಿ ದನಿ ಕರೆಯಿತು.

“ಯಾರವ್ವಾ ಅದು? ಒಸಿ ದೀಪ ಹಾಕು. ಹೊತ್ತು ಮುಳುಗ್ತೇನೋ.”

ಗಡಿಯಾರ ನೋಡಿಕೊಂಡೆ. ಹನ್ನೊಂದೂಕಾಲು. ಒಳಗೆ ಮಂಚದ ಮೇಲೆ ಕೂತಿದ್ದವರು ಅಣ್ಣ ತಮ್ಮಂದಿರ ತಾಯಿ ಅಕ್ಕಯ್ಯಮ್ಮ. ಕಿಟಕಿ ಇತ್ತು, ಸಂದಿನ ಕಡೆಗೆ. ಅದರಿಂದ ಬೆಳಕಿನ ಬದಲು ಬಚ್ಚಲಿನ ಗೋಡೆ ಕಾಣುತ್ತಿತ್ತು. ನಾನು ದೀಪ ಹಾಕಿ, ಯಾರು ಏನು ಎಂದು ಹೇಳಿದೆ. ಸಂದು ಅಳೆಯಲು ಬಂದವಳು ಅಂದೆ.

“ಸಂದಾ? ಅದು ನಮ್ ಹೊಲದ ಬದ ಕಣವ್ವ” ಅಂದರು ಅಕ್ಕಯ್ಯಮ್ಮ. “ಇವ್ರಪ್ಪ ಪಾಲು ಮಾಡ್ದಾಗ ಮಧ್ಯದಲ್ಲಿ ಬದ ಬಿಟ್ಟಿದ್ದ. ನಾನು ಹಿಟ್ಟಿನ ಬುಟ್ಟಿ ಹೊತ್ಕೊಂಡ್ ಬರೋವಾಗ ಎತ್ತು ಎದುರಿಗ್ ಬಂದ್ರೆ, ಪಕ್ಕಕ್ ನಿಂತ್ಕೊಳೋ ಅಷ್ಟು. ಈಗ ಎಷ್ಟೈತೆ?”

“ನೀವೇ ಬಂದು ನೋಡಿ ಅಜ್ಜಿ” ಅಂದೆ.

ಗೋಡೆ ಹಿಡಿದುಕೊಂಡು ನಿಧಾನವಾಗಿ ಎದ್ದು ಬಂದರು. ಸಂದಿನ ಬಾಯಲ್ಲಿ ನಿಂತು, ಮೇಲೆ ಕೆಳಗೆ ನೋಡಿದರು. ಆಮೇಲೆ ಆ ಮೈಯಿಂದ ಅಷ್ಟು ದೊಡ್ಡ ಕೂಗು ಹೇಗೆ ಬಂತೋ ಗೊತ್ತಿಲ್ಲ.

“ಲೇ ಮುನಿರಾಜ! ಲೇ ನಂಜುಂಡ! ಬರ್ರೋ ಇಲ್ಲಿ!”

ಇಬ್ಬರೂ ಎರಡು ಬಾಗಿಲಿನಿಂದ ಓಡಿಬಂದರು. ಮಾತು ಬಿಟ್ಟಿದ್ದ ಅಣ್ಣ ತಮ್ಮ ಅಮ್ಮನ ಮುಂದೆ ಅಕ್ಕಪಕ್ಕ ನಿಂತರು. ಗಲಾಟೆಗೆ ಶಾಂತವ್ವನೂ ರೊಟ್ಟಿಯ ಬುಟ್ಟಿ ಹಿಡಿದುಕೊಂಡೇ ಇಳಿದು ಬಂದಳು. ಅಕ್ಕಯ್ಯಮ್ಮ ಆ ಬುಟ್ಟಿಯನ್ನು ಇಸಿದುಕೊಂಡು ತಮ್ಮ ತಲೆಯ ಮೇಲೆ ಇಟ್ಟುಕೊಂಡರು.

“ಮುನಿರಾಜ, ನೀನು ಎತ್ತು. ಆ ತುದೀಗ್ ಹೋಗಿ ಎದುರಿಗ್ ಬಾ.”

“ಅವ್ವಾ, ಜನ ನೋಡ್ತವ್ರೆ...”

“ನೋಡ್ಲಿ. ಬಾ ಅಂದ್ರೆ ಬಾ.”

ಮುನಿರಾಜು ಹಿತ್ತಿಲ ಕಡೆಯಿಂದ ಸಂದಿಗೆ ಇಳಿದ. ಅಕ್ಕಯ್ಯಮ್ಮ ಬುಟ್ಟಿ ಹೊತ್ತು ಈ ಕಡೆಯಿಂದ ನಡೆದರು. ನಾನು ಹಿಂದೆಯೇ ಅವರ ತೋಳು ಹಿಡಿದುಕೊಂಡಿದ್ದೆ. ಎತ್ತು ತಾನೇ ಕಟ್ಟಿದ ಬಚ್ಚಲಿಗೂ ತಮ್ಮನ ಪಂಪಿನ ಗೂಡಿಗೂ ನಡುವೆ ಹೊಟ್ಟೆ ಸಿಕ್ಕಿಸಿಕೊಂಡು ನಿಂತುಬಿಟ್ಟಿತು. ಮುಂದೆಯೂ ಬರದು, ಹಿಂದೆಯೂ ಹೋಗದು. ಬೀದಿಯ ಜನವೆಲ್ಲ ಸೇರಿ ನಕ್ಕರು. ಮೊದಲು ನಕ್ಕವನು ನಂಜುಂಡ. ಕೊನೆಗೆ ಅವನೇ ಹೋಗಿ ಹಿಂದಿನಿಂದ ಅಣ್ಣನ ಸೊಂಟ ಹಿಡಿದು ಎಳೆದ. “ಉಸ್ರು ಬಿಡೋ ಅಣ್ಣ, ಹೊಟ್ಟೆ ಒಳೀಕ್ ತಗೋ” ಅಂದ. ಎಷ್ಟೋ ಕಾಲದ ಮೇಲೆ ಅವರ ನಡುವೆ ಆಡಿದ ಮೊದಲ ಮಾತು ಅದಂತೆ.

“ನಿಮ್ಮಪ್ಪ ಎತ್ತಿಗೆ ಬಿಟ್ಟಷ್ಟು ಜಾಗನ ನೀವು ನನಗೆ ಬಿಡ್ಲಿಲ್ವಲ್ರೋ” ಅಂದರು ಅಕ್ಕಯ್ಯಮ್ಮ. ನಗು ನಿಂತಿತು. ಮುನಿರಾಜು ಕಣ್ಣೊರೆಸಿಕೊಂಡಿದ್ದನ್ನು ನಾನು ನೋಡಿದೆ, ನೋಡದವಳ ಹಾಗೆ ಟೇಪು ಸುತ್ತಿದೆ.

ಬಚ್ಚಲು, ಪಂಪಿನ ಗೂಡು, ಬಾಲ್ಕನಿ ಎಲ್ಲ ತೆಗೆಸಲು ಇಬ್ಬರೂ ಅಲ್ಲೇ ಒಪ್ಪಿದರು. ನಂಜುಂಡ ಸೆಂಟ್ರಿಂಗ್ ಬಿಚ್ಚಿಸುತ್ತೇನೆ ಅಂದ. ಉಳಿದದ್ದು ಶಾಂತವ್ವ. ಅವಳು ಬುಟ್ಟಿ ವಾಪಸು ತೆಗೆದುಕೊಂಡು ಒಂದು ಪಕ್ಕ ನಿಂತಿದ್ದಳು. ಅವಳ ಮನೆಯ ಮಾತನ್ನು ಯಾರೂ ಎತ್ತಲಿಲ್ಲ. ಈ ಸಲ ನಾನು ಕೇಳಿದೆ.

“ತಗಡಿನ ಮನೆ ಹೋದರೆ ಇವರು ಎಲ್ಲಿರ್ತಾರೆ ಮುನಿರಾಜು? ಪ್ಲಾನಿನಲ್ಲಿರೋ ಮನೆ ಒಂದೂ ಖಾಲಿ ಇಲ್ವಾ?”

“ಇಲ್ಲ ಮೇಡಂ, ಎಲ್ಲಾ ಫುಲ್ಲು.”

“ಎರಡನೇ ಮಹಡಿ ಮುಂಭಾಗದ್ದು? ಬೀಗ ಹಾಕಿತ್ತಲ್ಲ, ಮೊನ್ನೆ ಹತ್ತುವಾಗ ನೋಡಿದೆ. ಎರಡೆರಡು ಬೀಗ!”

ಅಣ್ಣ ತಮ್ಮ ಇಬ್ಬರೂ ನೆಲ ನೋಡಿದರು. ಅಕ್ಕಯ್ಯಮ್ಮನೇ ಹೇಳಿದರು. ಅಲ್ಲಿರುವುದು ಅಪ್ಪನ ಕಾಲದ ನೇಗಿಲು, ಗಾಡಿಯ ಚಕ್ರ, ಎರಡು ತಾಮ್ರದ ಹಂಡೆ. ಇನ್ನೂ ಪಾಲಾಗದ ಸಾಮಾನು. ಒಬ್ಬ ತೆಗೆದುಕೊಂಡುಬಿಟ್ಟಾನು ಎಂದು ಇನ್ನೊಬ್ಬನಿಗೆ ಅನುಮಾನ, ಅದಕ್ಕೆ ಅಣ್ಣನದೊಂದು ಬೀಗ, ತಮ್ಮನದೊಂದು ಬೀಗ. ಇಡೀ ಕಟ್ಟಡದಲ್ಲಿ ಕಾಯ್ದೆಯಂತೆ ಕಟ್ಟಿದ್ದ, ಗಾಳಿ ಬೆಳಕು ಇದ್ದ ಮನೆಯಲ್ಲಿ ನೇಗಿಲು ವಾಸವಾಗಿತ್ತು. ರೊಟ್ಟಿ ಮಾಡುವವಳು ತಗಡಿನ ಕೆಳಗೆ ಬೇಯುತ್ತಿದ್ದಳು.

ಅಕ್ಕಯ್ಯಮ್ಮ ಎರಡೂ ಕೈ ಚಾಚಿದರು. ಬಲಗೈಗೆ ಒಂದು ಬೀಗದ ಕೈ ಬಿತ್ತು, ಎಡಗೈಗೆ ಒಂದು. ಎರಡನ್ನೂ ಶಾಂತವ್ವನ ಬುಟ್ಟಿಯೊಳಗೆ, ರೊಟ್ಟಿಯ ಮೇಲೆ ಹಾಕಿದರು.

“ಬಾಡ್ಗೆ ಅಷ್ಟೇ ಕೊಡವ್ವ, ಈಗ್ ಎಷ್ಟ್ ಕೊಡ್ತಿದ್ಯೋ ಅಷ್ಟೇ. ನೇಗ್ಲು ನನ್ ಕೋಣೇಲಿ ಇರ್ಲಿ.”

ಶಾಂತವ್ವ ಬುಟ್ಟಿಯಿಂದ ಒಂದು ರೊಟ್ಟಿ ತೆಗೆದು ಮುರಿದು, ಮೊದಲು ಅಜ್ಜಿಗೆ, ಆಮೇಲೆ ಅಣ್ಣ ತಮ್ಮಂದಿರಿಗೆ, ಕೊನೆಗೆ ನನಗೆ ಕೊಟ್ಟಳು. ಸರ್ಕಾರಿ ಕೆಲಸದಲ್ಲಿದ್ದಷ್ಟು ಕಾಲವೂ ಸ್ಥಳದಲ್ಲಿ ಯಾರಿಂದಲೂ ಏನೂ ತೆಗೆದುಕೊಂಡವಳಲ್ಲ ನಾನು. ಆ ಚೂರು ರೊಟ್ಟಿಯನ್ನು ಮಾತ್ರ ತಿಂದೆ. ಬೇಕಾದರೆ ಈಗ ವಿಚಾರಣೆ ನಡೆಸಲಿ.

ಅವಳು ಹೊಸ ಮನೆಗೆ ಸಾಮಾನು ಇಳಿಸುವವರೆಗೆ ತಗಡು ಮುಟ್ಟಬಾರದು ಎಂದು ಕಾಲಾವಕಾಶ ಬರೆದುಕೊಟ್ಟೆ. ಅಷ್ಟು ಅಧಿಕಾರ ನನಗೆ ಮೊದಲ ದಿನವೂ ಇತ್ತು, ಬಳಸಲು ಹೊಳೆದಿರಲಿಲ್ಲ. ಹೊಸದಾಗಿ ಸೇರಿದವರು ಇದೊಂದನ್ನು ನೆನಪಿಟ್ಟುಕೊಳ್ಳಿ. ಗೋಡೆ ಅಳೆದ ಮೇಲೆ, ಒಳಗೆ ಯಾರ ಕುಕ್ಕರ್ ಕೂಗುತ್ತಿದೆ ಎಂದು ಕೇಳಿ, ಆಮೇಲೆ ನೋಟಿಸು ಬರೆಯಿರಿ. ನೋಟಿಸು ಬರೆಯಲೇಬೇಕು, ಅದರಲ್ಲಿ ಎರಡು ಮಾತಿಲ್ಲ.

ಆ ಬೀದಿಗೆ ಮತ್ತೆ ಹೋದದ್ದು ನಿವೃತ್ತಳಾದ ಮೇಲೆ, ಈಚೆಗೆ. ಕಚೇರಿಯಲ್ಲಿ ಕೈ ಎತ್ತಿದ್ದ ಆ ಹುಡುಗಿಯ ಮಾತು ತಲೆಯಲ್ಲಿತ್ತು. ಹೋಗಿ ವಿಚಾರಿಸಿದರೆ ಆ ಬೀದಿಯಲ್ಲೇ ಇನ್ನೂ ಮೂರು ಮನೆಯವರು ಸಂದು ಬಿಡಿಸಿಕೊಂಡಿದ್ದರು. ನೋಟಿಸಿಗೆ ಹೆದರಿ ಅಲ್ಲ, ಅಕ್ಕಯ್ಯಮ್ಮನ ಮನೆಗೆ ಬೆಳಕು ಬಂದದ್ದು ಕಣ್ಣಿಗೆ ಬಿದ್ದು. ಬಾಲ್ಕನಿಯ ಹೊಟ್ಟೆಕಿಚ್ಚು ಈ ಕಡೆಗೂ ಕೆಲಸ ಮಾಡುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಭಾರಿ ಖುಷಿಯಾಯಿತು.

ಕಿಟಕಿಯಲ್ಲಿ ಅಕ್ಕಯ್ಯಮ್ಮ ಕೂತಿದ್ದರು. ದೀಪ ಹಾಕಿರಲಿಲ್ಲ. “ಅಳ್ಯಕ್ ಬಂದ್ಯಾ?” ಅಂದರು. ಮೇಲೆ ತಾರಸಿ ಪೂರ್ತಿ ರೊಟ್ಟಿ ಹರಡಿದೆ ಎಂದರು. ನಾನು ಕೊಡೆ ತೆಗೆದುಕೊಂಡು ಸಂದಿಗೆ ಇಳಿದೆ. ಬಿಚ್ಚಿ ನಡೆದೆ. ಎಲ್ಲೂ ತಗಲಲಿಲ್ಲ. ಮಡಚಿ ತಲೆ ಎತ್ತಿದರೆ ಉದ್ದಕ್ಕೂ ಆಕಾಶ, ಅದರ ತುಂಬ ಕರಿ ಮೋಡ. ನೋಡುತ್ತಿದ್ದ ಹಾಗೆ ಕನ್ನಡಕದ ಮೇಲೆ ಟಪ್ ಎಂದು ಒಂದು ಹನಿ ಬಿತ್ತು.

ಮೇಲಿಂದ ಶಾಂತವ್ವನ ಕೂಗು. “ಅಯ್ಯಯ್ಯೋ, ಮಳಿ ಬಂತ್ರ್ಯೋ! ರೊಟ್ಟಿ, ರೊಟ್ಟಿ!”

ಅಣ್ಣ ತಮ್ಮ ಇಬ್ಬರೂ ಧಡಧಡ ಮೆಟ್ಟಿಲು ಹತ್ತಿ ಪಂಚೆಯ ನಾಲ್ಕು ಮೂಲೆ ಹಿಡಿಯಲು ಓಡಿದರು. ನಾನು ಮತ್ತೆ ಕೊಡೆ ಬಿಚ್ಚಿಕೊಂಡು, ಅಲ್ಲೇ ನಿಂತು ಶ್ರೀಕಂಠಯ್ಯನವರಿಗೆ ಫೋನು ಮಾಡಿದೆ. ಅವರಿಗೆ ಈಗ ಕಿವಿ ಸ್ವಲ್ಪ ಮಂದ, ಜೋರಾಗಿ ಹೇಳಬೇಕು.

“ಸರ್, ವಿಮಲಾ. ಬಿ.ಟಿ.ಎಂ. ಹತ್ತಿರ ಒಂದು ಸಂದಿನಲ್ಲಿ ನಿಂತಿದ್ದೀನಿ. ಮಳೆ ಬರ್ತಿದೆ.”

ಆ ಕಡೆಯಿಂದ ಒಂದೇ ಪದ ಬಂತು.

“ಕೊಡೆ?”

“ಒದ್ದೆ ಸರ್” ಅಂದೆ. “ಪೂರ್ತಿ ಒದ್ದೆ.”